ದೊಡ್ಡಮ್ಮನ ಮನೆಯಲ್ಲಿ ಕುರ್ಚಿ ಖಾಲಿ ಇರುವುದಿಲ್ಲ

ಪ್ರತಿ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿರುವವರನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ದೊಡ್ಡಮ್ಮ ಅನ್ನುತ್ತೇವೆ. ಅವರ ಮನೆಗೆ ಹೋದವರ ಕಿವಿಗೆ ಮೊದಲು ಬೀಳುವ ಮಾತು "ಬನ್ನಿ, ಕೂತ್ಕೊಳಿ" ಅಲ್ಲ. "ಅದನ್ನ ಸ್ವಲ್ಪ ಆ ಕಡೆ ತಳ್ಳಿ ಕೂತ್ಕೊಳಿ." ಅದು ಅಂದರೆ ಒಂದು ದಿನ ಒಗೆದು ಒಣಗಿಸಿದ ಬಟ್ಟೆಯ ರಾಶಿ, ಇನ್ನೊಂದು ದಿನ ಹಳೇ 'ಸುಧಾ' ಸಂಚಿಕೆಗಳ ಕಟ್ಟು, ಮತ್ತೊಂದು ದಿನ ನಿದ್ದೆ ಹೋದ ಮೊಮ್ಮಗ. ಡಿಸೆಂಬರ್ ಜನವರಿಯಲ್ಲಾದರೆ ಖಂಡಿತ ನೆನೆಸಿದ ಅವರೆಕಾಳಿನ ಪಾತ್ರೆ. ತಳ್ಳಿ ಕೂತ ಐದು ನಿಮಿಷಕ್ಕೆ ನೀವೂ ಕಾಳು ಹಿತುಕುತ್ತಿರುತ್ತೀರಿ. ಹಾಗೆ ಹಿತುಕುತ್ತಾ ಕೂತಾಗ ಬಾಯಿಗೆ ಬಂದ ಸುದ್ದಿಗಳು ಸೋಫಾದ ತುದಿಯಲ್ಲಿ ನೆಟ್ಟಗೆ ಕೂತವರ ಬಾಯಿಗೆ ಜನ್ಮದಲ್ಲಿ ಬರುವುದಿಲ್ಲ. ನಮ್ಮ ಬೀದಿಯ ಎರಡು ಮದುವೆ ಕುದುರಿದ್ದೂ ಒಂದು ಸೈಟಿನ ಜಗಳ ಬಗೆಹರಿದದ್ದೂ ಅಲ್ಲೇ.

ಹರಡಿರುವುದು ಬೇರೆ, ಗಲೀಜು ಬೇರೆ. ದೊಡ್ಡಮ್ಮನ ಒಲೆ ಕಟ್ಟೆಯ ಮೇಲೆ ಒಂದು ಹನಿ ಹಾಲು ಚೆಲ್ಲಿ ಒಣಗಿದ್ದನ್ನು ಯಾರೂ ಕಂಡಿಲ್ಲ. ಕುಡಿಯುವ ನೀರಿನ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಾಕಿ ಉಜ್ಜದೆ ಶುಕ್ರವಾರ ಕಳೆಯುವುದಿಲ್ಲ. ನೆಲ ದಿನಾ ಒರೆಸುತ್ತಾರೆ. ಮೇಲಿರುವ ಸಾಮಾನನ್ನು ಸುತ್ತಿ ಬಳಸಿ ಒರೆಸುತ್ತಾರೆ, ಅಷ್ಟೇ.

ಇನ್ನು ಡಬ್ಬಗಳು. ಆ ಅಡುಗೆಮನೆಯಲ್ಲಿ ಹೊರಗಿನ ಹೆಸರಿಗೂ ಒಳಗಿನ ಪದಾರ್ಥಕ್ಕೂ ಸಂಬಂಧವಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನಪುಡಿ, ಐಸ್‌ಕ್ರೀಮ್ ಡಬ್ಬದಲ್ಲಿ ಕೊಬ್ಬರಿ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಸೂಜಿ ದಾರ ಗುಂಡಿ. ಐಸ್‌ಕ್ರೀಮ್ ಆಸೆಯಿಂದ ಫ್ರಿಜ್ ತೆಗೆದು ಮೋಸಹೋಗದ ಮಗು ಬೀದಿಯಲ್ಲಿ ಒಂದೂ ಇಲ್ಲ. ಆದರೆ ದೊಡ್ಡಮ್ಮನಿಗೆ ಮನೆಯ ಭೂಗೋಳ ಕಂಠಪಾಠ.

"ಲೇ, ಕರೆಂಟ್ ಬಿಲ್ಲೆಲ್ಲಿ?" ಅಂತ ದೊಡ್ಡಪ್ಪ ಕೂಗುತ್ತಾರೆ.

"ಒಂಟಿಕೊಪ್ಪಲ್ ಪಂಚಾಂಗದಲ್ಲಿದೆ ನೋಡಿ, ಹೋದ ಏಕಾದಶಿ ಪುಟದಲ್ಲಿ."

"ನನ್ನ ಕನ್ನಡಕ?"

"ಪಂಚಾಂಗದ ಮೇಲೆ. ಈಗ ಅದರ ಮೇಲೇ ಕೈ ಇಟ್ಟಿದೀರಿ."

ಬೆಂಗಳೂರಿನ ಸೊಸೆ ಒಮ್ಮೆ ಬಂದಾಗ ಅತ್ತೆಗೆ ಸಹಾಯವಾಗಲೆಂದು ಎಲ್ಲವನ್ನೂ ಒಂದೇ ಅಳತೆಯ ಡಬ್ಬಗಳಿಗೆ ತುಂಬಿ ಚೀಟಿ ಅಂಟಿಸಿ ಹೋದಳು. ಒಳ್ಳೆಯ ಹುಡುಗಿ, ಕೆಟ್ಟ ಉದ್ದೇಶವಿರಲಿಲ್ಲ. ಆ ವಾರವಿಡೀ ಆ ಮನೆಯಲ್ಲಿ ಸಾರಿಗೆ ಇಂಗು ಬೀಳಲಿಲ್ಲ. ಇಂಗು ಎಲ್ಲಿದೆಯೆಂದು ಬೆಂಗಳೂರಿಗೆ ಫೋನ್ ಮಾಡಿ ಕೇಳಲು ದೊಡ್ಡಮ್ಮನ ಮಾನ ಒಪ್ಪಲಿಲ್ಲ.

ಈ ಸೊಸೆಯೇ ಜಪಾನಿನ ಮರಿ ಕೊಂಡೊ ಅವರ ಪುಸ್ತಕ ತಂದುಕೊಟ್ಟವಳು. ಮನಸ್ಸಿಗೆ ಖುಷಿ ಕೊಡದ ವಸ್ತುವನ್ನು ಮನೆಯಿಂದಾಚೆ ಕಳಿಸಿ ಎಂದು ಜಗತ್ತಿಗೆಲ್ಲ ಪಾಠ ಹೇಳಿದವರು ಅವರು. ದೊಡ್ಡಮ್ಮ ಓರೆಗಣ್ಣಲ್ಲಿ ದೊಡ್ಡಪ್ಪನನ್ನು ನೋಡಿ ಪುಸ್ತಕ ಮುಚ್ಚಿಟ್ಟರು. 2023ರಲ್ಲಿ, ಮೂರನೆಯ ಮಗುವಾದ ಮೇಲೆ ತಮ್ಮ ಮನೆಯನ್ನೇ ಒಪ್ಪವಾಗಿಡುವುದನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದೇನೆಂದು ಆ ಕೊಂಡೊ ಅವರೇ ಒಪ್ಪಿಕೊಂಡ ಸುದ್ದಿ ಬಂತು. ಓದಿ ಹೇಳಿದಾಗ ದೊಡ್ಡಮ್ಮ ಸೊಪ್ಪು ಸೋಸುತ್ತಿದ್ದರು. "ಪಾಪ, ಮೂರನೇದರವರೆಗೂ ಕಾದಳಾ? ನಾನು ಮೊದಲನೇದಕ್ಕೇ ಬಿಟ್ಟೆ."

ದೊಡ್ಡಪ್ಪ ನಿವೃತ್ತ ವಿಜ್ಞಾನದ ಮೇಷ್ಟ್ರು. ಹೆಂಡತಿಯ ಪರ ವಕಾಲತ್ತು ವಹಿಸಲು ಅವರ ಬಳಿ ಸಾಕ್ಷಿಗಳು ಸದಾ ಸಿದ್ಧ. ಬ್ರೆಡ್ಡಿಗೆ ಬೂಷ್ಟು ಬಂದರೆ 1928 ಎಂದು ಶುರು. ರಜೆ ಮುಗಿಸಿ ಲಂಡನ್ನಿನ ಪ್ರಯೋಗಶಾಲೆಗೆ ಮರಳಿದ ಅಲೆಕ್ಸಾಂಡರ್ ಫ್ಲೆಮಿಂಗ್ ತೊಳೆಯದೆ ಬಿಟ್ಟುಹೋಗಿದ್ದ ತಟ್ಟೆಗಳಲ್ಲೊಂದರಲ್ಲಿ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತದ್ದನ್ನು ಕಂಡರು, ಪೆನಿಸಿಲಿನ್ ಸಿಕ್ಕಿತು. ಫ್ಲೆಮಿಂಗ್ ಹೆಂಡತಿಯೇನಾದರೂ ತಟ್ಟೆ ತೊಳೆದಿಟ್ಟಿದ್ದರೆ ನಮ್ಮ ಗತಿ ಏನು ಎಂದು ಅವರ ಪ್ರಶ್ನೆ. ಮಗ ಮಕ್ಕಳಿಗೆ ಅಲರ್ಜಿ ಎಂದು ಗೊಣಗಿದರೆ ಮುಂದಿನ ಸಾಕ್ಷಿ 1989ರದು. ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಲ್ಲಿ ಅಲರ್ಜಿಯ ಸೀನು ಕಡಿಮೆ ಎಂದು ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಆ ವರ್ಷ ಬರೆದಿದ್ದು ನಿಜ. ಅದು ಒಡಹುಟ್ಟಿದವರ ಲೆಕ್ಕ. ಮಡಚದ ಬಟ್ಟೆಯ ಲೆಕ್ಕವಲ್ಲ. ಮೇಷ್ಟ್ರಿಗೆ ಇದು ಗೊತ್ತು. ಗೊತ್ತಿದ್ದೂ ಹೇಳುವುದಕ್ಕೇ ದಾಂಪತ್ಯ ಅನ್ನುವುದು.

ದೊಡ್ಡಮ್ಮನ ಪಾಲಿಗೆ ಮರೆಯಲಾಗದ ವರ್ಷ 2016. ಆ ವರ್ಷದ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆಯಿತು. ಬೀದಿಗೆ ಬೀದಿಯೇ ಬೀಗಿತು, ಎಲ್ಲರಿಗಿಂತ ಜಾಸ್ತಿ ದೊಡ್ಡಮ್ಮ. ಹಸಿ ಕಸ ಒಣ ಕಸ ಬೆರೆಸಿ ಗಾಡಿಗೆ ಹಾಕಿದವರಲ್ಲ ಅವರು. ಸಮೀಕ್ಷೆ ಹೊಸ್ತಿಲು ದಾಟುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದಾಗ ಅವರ ನಿಜವಾದ ವೈಭವ ಶುರುವಾಯಿತು. ಕವರುಗಳನ್ನೆಲ್ಲ ಒಂದು ದೊಡ್ಡ ಕವರಿನಲ್ಲಿ ತುರುಕಿ, ಅಂಥ ದೊಡ್ಡ ಕವರುಗಳನ್ನು ಹಾಸಿಗೆಯಡಿ ತುರುಕಿ ಇಟ್ಟವರು ಅವರೊಬ್ಬರೇ. 'ಇವನ್ನ ಎಸೀರಿ' ಎಂದು ಹಿಂದೆ ಬುದ್ಧಿ ಹೇಳಿದ್ದ ಅಚ್ಚುಕಟ್ಟಿನ ಮನೆಗಳವರೇ ನುಗ್ಗೆಸೊಪ್ಪು ಸುತ್ತಿಡಲು, ಊರಿಗೆ ಉಪ್ಪಿನಕಾಯಿ ಒಯ್ಯಲು ಒಂದೊಂದು ಕವರು ಕೇಳಿಕೊಂಡು ಬಂದರು.

ನವೆಂಬರಿನಲ್ಲಿ ಮಾತ್ರ ಪೆಟ್ಟು ಬಿತ್ತು. ಐನೂರು, ಸಾವಿರದ ನೋಟು ರದ್ದಾದಾಗ ಡಬ್ಬ ಡಬ್ಬ ಸುರಿದು ಹುಡುಕಿ ಬ್ಯಾಂಕಿಗೆ ಕಟ್ಟಿ ಬಂದರು. ಡಿಸೆಂಬರ್ 30ಕ್ಕೆ ಗಡುವು ಮುಗಿಯಿತು. ಮೆಂತ್ಯದ ಡಬ್ಬದಲ್ಲಿ ಉಳಿದಿದ್ದ ಮೂರು ಐನೂರರ ನೋಟು ಕೈಗೆ ಬಂದದ್ದು ಯುಗಾದಿಗೆ ಮನೆ ತೊಳೆದಾಗ. ಹತ್ತು ಹಳೇ ನೋಟಿನವರೆಗೆ ಇಟ್ಟುಕೊಂಡರೆ ಅಪರಾಧವಲ್ಲವೆಂದು ದೊಡ್ಡಪ್ಪ ಪತ್ರಿಕೆ ನೋಡಿ ಸಮಾಧಾನ ಹೇಳಿದರು. ಈಗಲೂ ಪಂಚಾಂಗದಲ್ಲಿ ಪುಟ ಗುರುತಿಗೆ ಇರುವುದು ಅವೇ. ಮೆಂತ್ಯದ ಘಮ ಇನ್ನೂ ಹೋಗಿಲ್ಲ. ನಷ್ಟ ಒಂದೂವರೆ ಸಾವಿರ. ಇದನ್ನು ನಾನು ಮುಚ್ಚಿಡುವುದಿಲ್ಲ.

ಮಗನ ಬೆಂಗಳೂರಿನ ಫ್ಲ್ಯಾಟು ಹೋಟೆಲ್ ರೂಮಿನಂತೆ ಒಪ್ಪವಾಗಿದೆ. ಅಲ್ಲಿ ಮಕ್ಕಳ ಆಟದ ಸಾಮಾನಿಗೂ ಮೂಲೆ ಗೊತ್ತುಪಡಿಸಿದ್ದಾರೆ. ದಸರಾ ರಜೆ ಬಂತೆಂದರೆ ಆ ಮಕ್ಕಳಿಗೆ ಮೈಸೂರೇ ಆಗಬೇಕು, ಅಂಬಾರಿ ನೋಡುವುದಕ್ಕಲ್ಲ. ಅಜ್ಜಿಯ ನಡುಮನೆಯಲ್ಲಿ ಹಾಸಿಗೆ ಸುರುಳಿಗಳು ಬೆಟ್ಟವಾಗುತ್ತವೆ, ಕಟ್ಟಿದ ಹಗ್ಗದ ಮೇಲೆ ಸೀರೆ ಎಳೆದರೆ ಗುಡಾರ, ಮುರಿದ ಕೊಡೆ ಬಿಲ್ಲು. ಬೊಂಬೆ ಕೂರಿಸುವ ಮೆಟ್ಟಿಲಿಗೆ ಬೇಕಾದ ಡಬ್ಬ, ಪೆಟ್ಟಿಗೆ, ಹಲಗೆ ಹೊರಗಿನಿಂದ ಒಂದೂ ತರಬೇಕಿಲ್ಲ. ಮಕ್ಕಳ ಕೈಯಿಂದ ಏನಾದರೂ ಬಿದ್ದರೆ "ಬಿದ್ದಿದ್ರ ಪಕ್ಕ ಇನ್ನೊಂದು ಬಿತ್ತು, ಬಿಡು" ಅನ್ನುವ ಅಜ್ಜಿ ಇರುವ ಮನೆಯನ್ನು ಯಾವ ಮಗು ಬಿಟ್ಟೀತು?

ಇಂಥ ದೊಡ್ಡಮ್ಮ ನಿಮ್ಮ ಬೀದಿಯಲ್ಲೂ ಇರುತ್ತಾರೆ. ಹೋಗಿಬನ್ನಿ, ಆದರೆ ಮೊದಲೇ ಫೋನ್ ಮಾಡಿ ಮಾತ್ರ ಹೋಗಬೇಡಿ. ನೀವು ಬರುತ್ತೀರೆಂದು ತಿಳಿದರೆ ಪಾಪ, ಎಲ್ಲವನ್ನೂ ಎತ್ತಿಟ್ಟುಬಿಡುತ್ತಾರೆ. ಆಮೇಲೆ ಎಂಟು ದಿನ ದೊಡ್ಡಪ್ಪನಿಗೆ ಕನ್ನಡಕ ಸಿಗುವುದಿಲ್ಲ.