ಚಪ್ಪಾಳೆ ಕೇಳಿಸುವ ಕಡೆಯಿಂದ

ರಾಕ್ ಬ್ಯಾಂಡೊಂದರ ಬಾಗಿಲಿಗೆ ಹೊಸಬನೊಬ್ಬ ಬಂದು ನಿಂತರೆ ಅವನ ಕಿವಿಗೆ ಮೊದಲು ಬೀಳುವುದು ಸಲಹೆ. ಸಂಗೀತದ ಸರದಿ ಆಮೇಲೆ. ಐರನ್ ಮೇಡನ್ 1980ರಿಂದ 2021ರವರೆಗೆ 17 ಸ್ಟುಡಿಯೋ ಆಲ್ಬಂಗಳನ್ನು ಹೊರತಂದಿದೆ. ಪಿಂಕ್ ಫ್ಲಾಯ್ಡ್‌ನದು 15. ಡೀಪ್ ಪರ್ಪಲ್ ಇಪ್ಪತ್ತನ್ನು ದಾಟಿಯೂ ದಣಿದಿಲ್ಲ. ಇವುಗಳಲ್ಲಿ ಯಾವುದನ್ನು ಮೊದಲು ಕೇಳಬೇಕೆಂದು ಹೈದರಾಬಾದಿನ ಯಾವುದಾದರೂ ಇರಾನಿ ಹೋಟೆಲಿನಲ್ಲಿ ನಾಲ್ವರು ರಾಕ್ ಭಕ್ತರ ಮುಂದೆ ಬಾಯಿ ತಪ್ಪಿ ಕೇಳಿದರೆ, ಚಹಾ ಆರುವುದರೊಳಗೆ ಐದು ಉತ್ತರ ಬಂದಿರುತ್ತವೆ. ಐದನೆಯದು ಪಕ್ಕದ ಮೇಜಿನವರದು. ಪಾಪ, ಕೇಳಿದವನು ಆ ರಾತ್ರಿ ಮನೆಗೆ ಹೋಗಿ ಘಂಟಸಾಲರನ್ನು ಹಾಕಿಕೊಂಡು ಮಲಗುತ್ತಾನೆ. ಒಂದು ಬ್ಯಾಂಡು ಒಬ್ಬ ಕೇಳುಗನನ್ನು ಕಳೆದುಕೊಳ್ಳುವುದು ಹೀಗೆ. ಈ ಅನ್ಯಾಯ ತಪ್ಪಬೇಕಾದರೆ ಒಂದು ನಿಯಮ ಬೇಕು. ನನ್ನ ನಿಯಮ ಸರಳ: ಬ್ಯಾಂಡು ಜನರೆದುರು ನಿಂತು ನುಡಿಸಿದ್ದನ್ನು ಮುದ್ರಿಸಿದ ಆಲ್ಬಂ, ಅಂದರೆ ಲೈವ್ ಆಲ್ಬಂ, ಯಾವುದಿದೆಯೋ ಅಲ್ಲಿಂದ ಶುರು ಮಾಡಬೇಕು. ಇದನ್ನು ಹೇಳಿದೊಡನೆ ಬೀಳುವ ಕಲ್ಲುಗಳ ಪರಿಚಯ ನನಗಿದೆ. ಅದಕ್ಕೆ ಮೊದಲು ಉಳಿದ ನಿಯಮಗಳ ಗತಿ ಏನಾಗಿದೆ ನೋಡೋಣ.

ಮೊದಲನೆಯವರು ಇಸವಿಯ ಭಕ್ತರು. ಮೊದಲ ಆಲ್ಬಂನಿಂದ ಹಿಡಿದು ವರ್ಷಾನುಕ್ರಮವಾಗಿ ಬನ್ನಿ, ಬ್ಯಾಂಡು ಬೆಳೆದ ಬಗೆ ತಿಳಿಯುತ್ತದೆ ಅನ್ನುತ್ತಾರೆ. ಮಾತು ಕೇಳಲು ಶಿಸ್ತಾಗಿದೆ. ಆದರೆ ಐರನ್ ಮೇಡನ್‌ನ ಮೊದಲ ಎರಡು ಆಲ್ಬಂಗಳಲ್ಲಿ ಹಾಡಿದವರು ಪಾಲ್ ಡಿಯಾನೋ. ಲೋಕವೆಲ್ಲ ಆ ಬ್ಯಾಂಡಿನ ದನಿ ಎಂದು ಗುರುತಿಸುವ ಬ್ರೂಸ್ ಡಿಕಿನ್ಸನ್ ಬಂದದ್ದು 1982ರ ಮೂರನೆಯ ಆಲ್ಬಂಗೆ. ಡೀಪ್ ಪರ್ಪಲ್ ಕೂಡ 1968ರಲ್ಲಿ ಶುರುವಾದಾಗ ಬೇರೆ ಗಾಯಕನನ್ನು ಇಟ್ಟುಕೊಂಡಿತ್ತು. ಇಯಾನ್ ಗಿಲನ್ ಸೇರಿದ್ದು ಮರುವರ್ಷ. ಅಂದರೆ ಶಿಸ್ತಿನ ಕೇಳುಗ ಯಾರನ್ನು ನೋಡಲು ಹೊರಟನೋ ಅವರು ಇನ್ನೂ ಕೆಲಸಕ್ಕೇ ಸೇರದ ಕಾಲದಲ್ಲಿ ಜಗುಲಿಯ ಮೇಲೆ ಕಾದು ಕೂರಬೇಕು. ಸಾಹಿತ್ಯದಲ್ಲಿ ಈ ತಪ್ಪನ್ನು ನಾವು ಮಾಡುವುದಿಲ್ಲ. ಭೈರಪ್ಪನವರನ್ನು 1958ರ ‘ಭೀಮಕಾಯ’ದಿಂದ ಓದಲು ಶುರು ಮಾಡಿದವರು ಎಲ್ಲಾದರೂ ಇದ್ದರೆ ಅವರ ತಾಳ್ಮೆಗೆ ನಮಸ್ಕಾರ. ಕಾರಂತರನ್ನಂತೂ ಇಸವಿಯ ಪ್ರಕಾರ ಓದಲು ಹೊರಟವನು ‘ಮೂಕಜ್ಜಿಯ ಕನಸುಗಳು’ ತಲುಪುವ ಹೊತ್ತಿಗೆ ತಾನೇ ಅಜ್ಜನಾಗಿರುತ್ತಾನೆ. ಬೆಳೆದ ಬಗೆ ತಿಳಿಯುವ ಆಸೆ ಹುಟ್ಟುವುದು ಪ್ರೀತಿ ಹುಟ್ಟಿದ ಮೇಲೆ. ಅದಕ್ಕೆ ಮೊದಲು ಬಾಲ್ಯದ ಫೋಟೋಗಳನ್ನು ತೋರಿಸಿದರೆ ಯಾರಿಗೂ ರುಚಿಸದು.

ಎರಡನೆಯವರು ಶಿಖರದಿಂದ ಶುರು ಮಾಡಿಸುವವರು. ಅತ್ಯುತ್ತಮವಾದದ್ದನ್ನೇ ಮೊದಲು ಕೇಳಿಸಿ, ಬೀಳದೆ ಎಲ್ಲಿ ಹೋಗುತ್ತಾನೆ ಎನ್ನುವುದು ಇವರ ವಾದ. ಬೀಳುತ್ತಾನೆ ನಿಜ, ಆಮೇಲೆ ಏಳುವುದೇ ಇಲ್ಲ. ದೆಹಲಿಯ ಇಂಡಿಯನ್ ಓಷನ್ ಬ್ಯಾಂಡನ್ನು ಬಲ್ಲವರಲ್ಲಿ ಬಹುಮಂದಿ 2000ದಲ್ಲಿ ಬಂದ ‘ಕಂದೀಸಾ’ ಆಲ್ಬಂನಿಂದ, ಅದರಲ್ಲೂ ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಪ್ರಾರ್ಥನೆಯನ್ನು ಆಧರಿಸಿದ ಆ ಶೀರ್ಷಿಕೆ ಗೀತೆಯಿಂದ ಬಲ್ಲವರು. ಆ ಹಾಡಿನಲ್ಲಿ ಕಣ್ಣು ಮುಚ್ಚಿದವರು ಮುಂದಿನ ಆಲ್ಬಂಗಳಲ್ಲೆಲ್ಲ ಅದೇ ಹಾಡಿನ ತಮ್ಮಂದಿರನ್ನು ಹುಡುಕುತ್ತಾರೆ. ಸಿಗದಿದ್ದಾಗ ಬ್ಯಾಂಡು ಕೆಟ್ಟಿತು ಅಂತ ತೀರ್ಪು ಕೊಡುತ್ತಾರೆ. ಮೂರನೆಯ ಗುಂಪಿನವರು ‘ಅತ್ಯುತ್ತಮ ಹಾಡುಗಳ’ ಸಂಕಲನ ಹಿಡಿಸುವವರು. ಅವರಿಗೆ ಈಗಲ್ಸ್ ಬ್ಯಾಂಡಿನ ಒಂದೇ ಉದಾಹರಣೆ ಸಾಕು. ಅವರ 1971–75ರ ಸಂಕಲನ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎಂದು ಅಲ್ಲಿನ ಧ್ವನಿಮುದ್ರಣ ಉದ್ಯಮದ ಸಂಘ 2018ರಲ್ಲಿ ಸಾರಿತು. ಅದು ಬಂದದ್ದು 1976ರ ಫೆಬ್ರುವರಿಯಲ್ಲಿ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹಾಗಾಗಿ ಲೋಕಪ್ರಸಿದ್ಧ ಬ್ಯಾಂಡಿನ ಲೋಕಪ್ರಸಿದ್ಧ ಸಂಕಲನದಲ್ಲಿ ಲೋಕಪ್ರಸಿದ್ಧ ಹಾಡೇ ಇಲ್ಲ. ಇನ್ನು ಫೋನಿನ ಆ್ಯಪ್ ತಾನಾಗಿ ಮುಂದಿಡುವ ಮೊದಲ ಐದು ಹಾಡುಗಳ ಬಗ್ಗೆ ಹೇಳುವುದೇನಿದೆ? ಜನ ಹೆಚ್ಚು ಕೇಳಿದ್ದನ್ನು ಅದು ಮೇಲಿಡುತ್ತದೆ, ಮೇಲಿದ್ದದ್ದನ್ನು ಜನ ಇನ್ನೂ ಹೆಚ್ಚು ಕೇಳುತ್ತಾರೆ.

ಈಗ ಲೈವ್ ಆಲ್ಬಂಗೆ ಬರೋಣ. ಸ್ಟುಡಿಯೋ ಆಲ್ಬಂ ಎಂದರೆ ಫೋಟೋ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ತೆಗೆಸಿಕೊಂಡ ಚಿತ್ರ. ಆ ಮನುಷ್ಯ ಮದುವೆಮನೆಯಲ್ಲಿ ಸಾರಿನ ಬಕೀಟು ಹಿಡಿದು ಓಡಾಡುವಾಗ ಹೇಗಿರುತ್ತಾನೆಂದು ಅದು ಹೇಳುವುದಿಲ್ಲ. ವೇದಿಕೆಗೆ ಹತ್ತಿದ ಬ್ಯಾಂಡು ತನ್ನ ಹಾಡುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕೂರುತ್ತದೆ ಎಂದು ತಾನೇ ಆಯ್ದಿರುತ್ತದೆ. ಮೊದಲು ಯಾವುದು, ಕೊನೆಗೆ ಯಾವುದು ಎಂಬುದನ್ನು ಹತ್ತಾರು ಊರುಗಳಲ್ಲಿ ತಿದ್ದಿಕೊಂಡಿರುತ್ತದೆ. ನಮ್ಮ ಪ್ರಶ್ನೆಗೆ ಬ್ಯಾಂಡೇ ಕೊಟ್ಟ ಉತ್ತರ ಅದು. ಇದು ನನ್ನ ಊಹೆಯೆಂದು ತಳ್ಳಿಹಾಕುವವರು 1970ರ ದಶಕದ ಲೆಕ್ಕ ನೋಡಲಿ. ಕಿಸ್ ಎಂಬ ಬ್ಯಾಂಡು ಮುಖಕ್ಕೆ ಬಣ್ಣ ಬಳಿದುಕೊಂಡು ಮೂರು ಸ್ಟುಡಿಯೋ ಆಲ್ಬಂ ತಂದಿತು, ಕೊಂಡವರು ಕಡಿಮೆ, 1975ರಲ್ಲಿ ‘ಅಲೈವ್!’ ಬಂದ ಮೇಲೆ ಮನೆಮಾತಾಯಿತು. ಪೀಟರ್ ಫ್ರಾಂಪ್ಟನ್ ಸ್ವಂತದ ನಾಲ್ಕು ಆಲ್ಬಂಗಳಲ್ಲಿ ಗಳಿಸದ ಹೆಸರನ್ನು 1976ರ ಒಂದೇ ಲೈವ್ ಆಲ್ಬಂನಲ್ಲಿ ಗಳಿಸಿದರು. ಚೀಪ್ ಟ್ರಿಕ್ ಅಮೆರಿಕದ್ದೇ ಬ್ಯಾಂಡು. 1978ರಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ನುಡಿಸಿ ಜಪಾನಿಗಷ್ಟೇ ಎಂದು ತಂದ ಆಲ್ಬಂ ಕಡಲು ದಾಟಿ ಬಂದಾಗಲೇ ತವರಿನವರಿಗೆ ಇವರು ನಮ್ಮವರೆಂದು ಹೊಳೆದದ್ದು. ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಕೂಡ 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ಮೂರು ರಾತ್ರಿ ನುಡಿಸಿದ್ದು; ಅಲ್ಲಿನ ಕಂಪನಿ ಹಟ ಹಿಡಿದಿದ್ದರಿಂದ ಬ್ಯಾಂಡು ಒಲ್ಲದ ಮನಸ್ಸಿನಿಂದ ಒಪ್ಪಿತ್ತು. ಇಷ್ಟು ಜನ ಕೇಳುಗರು ಯಾರ ಸಲಹೆಯೂ ಇಲ್ಲದೆ ಅದೇ ಬಾಗಿಲಿನಿಂದ ಒಳಗೆ ಬಂದಿದ್ದಾರೆ ಎಂದರೆ ಬಾಗಿಲು ಅಲ್ಲಿಯೇ ಇರಬೇಕು.

ನಮ್ಮ ದೇಶದ ಸಾಕ್ಷ್ಯವೂ ಇದೆ. ಈಗಲ್ಸ್ ಹದಿನಾಲ್ಕು ವರ್ಷದ ಮುನಿಸು ಮುಗಿಸಿ 1994ರಲ್ಲಿ ಮತ್ತೆ ಒಂದಾದಾಗ ತಂದ ‘ಹೆಲ್ ಫ್ರೀಜಸ್ ಓವರ್’ನಲ್ಲಿ ಹೋಟೆಲ್ ಕ್ಯಾಲಿಫೋರ್ನಿಯಾವನ್ನು ಎಲೆಕ್ಟ್ರಿಕ್ ಗಿಟಾರ್ ಕೆಳಗಿಟ್ಟು ನುಡಿಸಿದರು. ಸ್ಪೀಕರು ಮಾರುವ ಅಂಗಡಿಗಳವರು ಗಿರಾಕಿಯನ್ನು ಕೆಡವಲು ಹಾಕುತ್ತಿದ್ದದ್ದು ಇದನ್ನೇ. ಮೊದಲು ಗಿಟಾರ್ ತಂತಿ, ನಡುವೆ ಚರ್ಮವಾದ್ಯದ ಗುಮ್ಮೆನ್ನುವ ಪೆಟ್ಟು, ಜನ ಹಾಡನ್ನು ಗುರುತಿಸಿ ಹೋ ಎನ್ನುವ ಆ ಗಳಿಗೆ. ಅಲ್ಲಿಗೆ ಗಿರಾಕಿಯ ಕೈ ಜೇಬಿಗೆ ಹೋಗುತ್ತಿತ್ತು. ಒಂದು ತಲೆಮಾರು ಈಗಲ್ಸ್ ಅನ್ನು ಲೈವ್ ಆಲ್ಬಂನಿಂದ ಶುರು ಮಾಡಿತು, ಜೊತೆಗೆ ಸಾಲದಲ್ಲಿ ಸ್ಪೀಕರನ್ನೂ ತಂದಿತು. ಇನ್ನು ಇಂಡಿಯನ್ ಓಷನ್ ವಿಷಯದಲ್ಲಿ ನನ್ನ ನಿಯಮ ಬೆರಳು ತೋರಿಸುವುದು ‘ಕಂದೀಸಾ’ದ ಕಡೆಗಲ್ಲ, ಅದಕ್ಕೂ ಹಿಂದಿನ ‘ಡೆಸರ್ಟ್ ರೇನ್’ ಕಡೆಗೆ. 1997ರ ಜನವರಿ 1ರಂದು ದೆಹಲಿಯಲ್ಲಿ ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮದಲ್ಲಿ ನುಡಿಸಿದ್ದು ಅದು. ರಾಕ್ ಎಂದರೆ ಡ್ರಮ್ಮುಗಳ ಕೋಟೆಯ ಹಿಂದೆ ಕೂತವನು ಎಂದು ನಂಬಿದ್ದವರಿಗೆ ಅಲ್ಲಿ ಅಸೀಮ್ ಚಕ್ರವರ್ತಿ ತಬಲಾ ಮುಂದಿಟ್ಟುಕೊಂಡು ನೆಲದ ಮೇಲೆ ಕೂತು ಹಾಡುತ್ತಾರೆ. ಈ ನಾಲ್ಕು ಮಂದಿ ಒಬ್ಬರ ಕಡೆ ಒಬ್ಬರು ಕಿವಿಗೊಟ್ಟು ಹೇಗೆ ನುಡಿಸುತ್ತಿದ್ದರು, ಎಲ್ಲಿ ಕಾಯುತ್ತಿದ್ದರು, ಎಲ್ಲಿ ಹರಿಯಬಿಡುತ್ತಿದ್ದರು ಎಂಬುದೆಲ್ಲ ಅದರಲ್ಲಿದೆ. ಅಸೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು, ಕೆಲವು ವರ್ಷಗಳ ನಂತರ ಗಿಟಾರಿನ ಸುಸ್ಮಿತ್ ಸೇನ್ ಹೊರನಡೆದರು. ‘ಡೆಸರ್ಟ್ ರೇನ್’ ಕೇಳಿ ‘ಕಂದೀಸಾ’ಕ್ಕೆ ಬಂದವನಿಗೆ ಆ ಪ್ರಾರ್ಥನೆ ಎಲ್ಲಿಂದ ಎದ್ದು ಬಂತೆಂದು ಗೊತ್ತಿರುತ್ತದೆ, ಅವನು ಅದರ ತಮ್ಮಂದಿರನ್ನು ಹುಡುಕುವುದಿಲ್ಲ.

ಲೈವ್ ಎಂದರೆ ಗಲಾಟೆ, ಶಿಳ್ಳೆ, ಹಾಡಿನ ಮಧ್ಯೆ ಜನರ ಅರಚಾಟ ಎಂಬುದು ಮೊದಲ ಕಲ್ಲು. ಬೇರೆ ಊರಿನವರು ಇದನ್ನು ಎಸೆಯಲಿ, ಹೈದರಾಬಾದಿನವರಿಗೆ ಆ ಹಕ್ಕಿಲ್ಲ. ಮುಷಾಯಿರಾದಲ್ಲಿ ಕವಿ ಒಂದು ಸಾಲು ಹೇಳಿ ನಿಲ್ಲುತ್ತಾನೆ; ಸಭೆ ವಾಹ್ ಎನ್ನುತ್ತದೆ; ಯಾರೋ ‘ಮುಕರ್ರರ್’ ಎಂದು ಕೂಗಿದರೆ ಅದೇ ಸಾಲು ಮತ್ತೆ ಬರುತ್ತದೆ, ಆಮೇಲಷ್ಟೇ ಶೇರ್ ಮುಗಿಯುತ್ತದೆ. ಆ ಕೂಗನ್ನು ಕಿತ್ತುಹಾಕಿ ಬರೀ ಕವಿಯ ಮಾತು ಉಳಿಸಿದರೆ ಅದು ಸರ್ಕಾರಿ ಪ್ರಕಟಣೆಯಂತೆ ಕೇಳಿಸುತ್ತದೆ. ಕನ್ನಡದವರಿಗೂ ಈ ಕಲ್ಲು ಭಾರ. ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳು ಮನೆಮನೆಯಲ್ಲಿದ್ದರೂ ಜನ ಇಂದಿಗೂ ಮಾತಾಡುವುದು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ದ ಬಗ್ಗೆ. ಅದೇ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ. ಮೆಟಾಲಿಕಾದ ದೆಹಲಿ ಕಡೆಯ ಕಛೇರಿ ರದ್ದಾಗಿ ಆ ಬ್ಯಾಂಡಿನ ಇಡೀ ಭಾರತದರ್ಶನ ಅರಮನೆ ಮೈದಾನವೊಂದಕ್ಕೇ ಇಳಿಯಿತು. ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವ ದಾರಿಯನ್ನು ಹೈದರಾಬಾದಿನ ಹುಡುಗರು ಸ್ಟುಡಿಯೋ ಆಲ್ಬಂಗಾಗಿ ತುಳಿಯುವುದಿಲ್ಲ. ರಘು ದೀಕ್ಷಿತ್ ಅವರ 2008ರ ಆಲ್ಬಂನಲ್ಲಿ ಶರೀಫರ ಪದ ಅಚ್ಚುಕಟ್ಟಾಗಿದೆ, ಒಪ್ಪೋಣ. ಲುಂಗಿಯುಟ್ಟು ಗೆಜ್ಜೆ ಕಟ್ಟಿ ಬರಿಗಾಲಲ್ಲಿ ಕುಣಿಯುವ ಅವರನ್ನು ವೇದಿಕೆಯಲ್ಲಿ ಕಂಡವರು ಆ ಅಚ್ಚುಕಟ್ಟಿಗೆ ಎಷ್ಟು ಅಂಕ ಕೊಟ್ಟಾರು?

ಎರಡನೆಯ ಕಲ್ಲು ಸ್ವಲ್ಪ ಗಟ್ಟಿ. ಲೈವ್ ಎನ್ನುವುದೇ ಅರ್ಧ ಸುಳ್ಳು, ಕಛೇರಿ ಮುಗಿದ ಮೇಲೆ ಸ್ಟುಡಿಯೋಗೆ ಒಯ್ದು ತೇಪೆ ಹಾಕಿರುತ್ತಾರೆ ಎಂಬುದು. ನಿಜ. ಕಿಸ್‌ನ ‘ಅಲೈವ್!’ಗೆ ಆಮೇಲೆ ಸಾಕಷ್ಟು ಸೇರಿಸಿದ್ದರೆಂದು ಅದನ್ನು ಮಾಡಿದವರೇ ಒಪ್ಪಿದ್ದಾರೆ. ಥಿನ್ ಲಿಝಿಯ 1978ರ ಲೈವ್ ಆಲ್ಬಂನಲ್ಲಿ ತೇಪೆ ಎಷ್ಟು, ಬಟ್ಟೆ ಎಷ್ಟು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿಗೂ ಬ್ಯಾಂಡಿಗೂ ಲೆಕ್ಕ ಹೊಂದಲೇ ಇಲ್ಲ. ಆದರೆ ಈ ಆಕ್ಷೇಪ ಎತ್ತುವವರು ಕೈಯಲ್ಲಿ ಹಿಡಿದಿರುವುದು ಪೂರ್ತಿ ತೇಪೆಯಿಂದಲೇ ಆದ ಸ್ಟುಡಿಯೋ ಆಲ್ಬಂ! ಅಲ್ಲಿ ಡ್ರಮ್ಮು ಒಂದು ದಿನ, ಗಿಟಾರ್ ಇನ್ನೊಂದು ದಿನ; ಗಾಯಕ ಬಂದು ಹಾಡುವಾಗ ಉಳಿದವರು ಊಟಕ್ಕೆ ಹೋಗಿರುತ್ತಾರೆ. ತಪ್ಪಿದ ಸ್ವರವನ್ನು ಆಮೇಲೆ ಸರಿಪಡಿಸಬಹುದು, ಹಾಡುಗಳ ಆಯ್ಕೆಯನ್ನೂ ಸಭೆಯ ಎದುರಿನ ಓಟವನ್ನೂ ಆಮೇಲೆ ಸೇರಿಸಲಾಗದು. ನನಗೆ ಬೇಕಾದದ್ದು ಅಷ್ಟೇ.

ನಿಜಕ್ಕೂ ಕಾಡುವ ಆಕ್ಷೇಪ ಈ ಊರಿನದೇ. ಪಂಡಿತ್ ಜಸರಾಜ್ ಬಾಲ್ಯ ಕಳೆದದ್ದು ಹೈದರಾಬಾದಿನಲ್ಲಿ. ಶಾಲೆಯ ದಾರಿಯ ಹೋಟೆಲೊಂದರಲ್ಲಿ ಬೇಗಂ ಅಖ್ತರ್ ಅವರ ಗಝಲ್ ಪ್ಲೇಟು ಹಾಕುತ್ತಿದ್ದರಂತೆ. ಹುಡುಗ ಅಲ್ಲೇ ಕೂತುಬಿಡುತ್ತಿದ್ದ, ಶಾಲೆ ತನ್ನ ಪಾಡಿಗೆ ನಡೆಯುತ್ತಿತ್ತು. ಅವರೇ ಹಲವು ಸಲ ಹೇಳಿಕೊಂಡ ಕತೆ ಇದು. ನೋಡಿ, ಮೂರು ನಿಮಿಷದ ಪ್ಲೇಟು, ಅದೂ ಸ್ಟುಡಿಯೋದ್ದು, ಒಬ್ಬ ಜಸರಾಜ್ ಹುಟ್ಟಲು ಸಾಕಾಯಿತಲ್ಲ, ನಿಮ್ಮ ಲೈವ್ ಎಲ್ಲಿ ಬಂತು ಎಂದರೆ ತಕ್ಷಣಕ್ಕೆ ಬಾಯಿ ಕಟ್ಟುತ್ತದೆ. ಆದರೆ ಆ ಹುಡುಗನ ತಂದೆ ಪಂಡಿತ್ ಮೋತಿರಾಮ್ ನಿಜಾಮರ ಆಸ್ಥಾನ ಗಾಯಕರಾಗಲಿದ್ದವರು, 1934ರಲ್ಲಿ ಆ ಗೌರವ ಕೈಗೆ ಬರುವ ಹೊತ್ತಿಗೇ ತೀರಿಕೊಂಡವರು. ಆ ಮನೆಯಲ್ಲಿ ಎದ್ದರೂ ಕೂತರೂ ಎದುರು ಕೂತು ಹಾಡುವ ಸಂಗೀತ. ಅಂಥ ಕಿವಿಗೆ ಪ್ಲೇಟಿನ ಮೂರು ನಿಮಿಷದಲ್ಲಿ ಉಳಿದ ಮೂರು ಗಂಟೆ ತಾನಾಗಿ ಕೇಳಿಸುತ್ತದೆ. ರಾಕ್ ಗೊತ್ತೇ ಇಲ್ಲದ ಮನೆಯಲ್ಲಿ ಹುಟ್ಟಿದವನಿಗೆ ಯಾರಾದರೂ ಕೇಳಿಸಬೇಕಾಗುತ್ತದೆ. ಅದಲ್ಲದೆ, ಯಾವ ಪ್ಲೇಟು ಮೊದಲು ಎಂಬುದನ್ನು ಆ ಹುಡುಗ ಆರಿಸಲಿಲ್ಲ, ಗಲ್ಲಾದ ಮೇಲೆ ಕೂತವನು ಆರಿಸಿದ. ಅಂಥ ಗಲ್ಲಾದವನು ದಾರಿಯಲ್ಲಿ ಸಿಕ್ಕವರಿಗೆ ನನ್ನ ನಿಯಮವೂ ಬೇಡ, ಯಾರದೂ ಬೇಡ.

ವಿನಾಯಿತಿಗಳಿವೆ. ಬೀಟಲ್ಸ್ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನುಡಿಸಿದ ಮೇಲೆ ಟಿಕೆಟ್ಟಿನ ಕಛೇರಿಗಳಿಗೆ ಕೈಮುಗಿದು ಸ್ಟುಡಿಯೋ ಸೇರಿದರು. ಅವರ ದೊಡ್ಡ ಕೆಲಸದ ಬಹುಪಾಲು ಅಲ್ಲಿನದು. ಹಾಲಿವುಡ್ ಬೌಲ್‌ನ ಅವರ ಲೈವ್ ಆಲ್ಬಂನಲ್ಲಿ ಹುಡುಗಿಯರ ಕಿರುಚಾಟವೇ ಮುಖ್ಯ ಗಾಯನ, ಬೀಟಲ್ಸ್ ಪಕ್ಕವಾದ್ಯ. ಅವರನ್ನು ಎಲ್ಲಿಂದಾದರೂ ಶುರು ಮಾಡಿ. ಚಿಕ್ಕ ಬ್ಯಾಂಡುಗಳಿಗೂ ಈ ತಲೆನೋವಿಲ್ಲ. ಹೈದರಾಬಾದಿನ ಡೆತ್ ಮೆಟಲ್ ಬ್ಯಾಂಡು ಗಾಡ್‌ಲೆಸ್‌ನದು 2016 ಮತ್ತು 2018ರ ಎರಡು ಕಿರು ಆಲ್ಬಂ, 2021ರ ‘ಸ್ಟೇಟ್ಸ್ ಆಫ್ ಕೇಯಾಸ್’ ಎಂಬ ಒಂದು ಪೂರ್ತಿ ಆಲ್ಬಂ. ಮೆಹದಿಪಟ್ನಂನಿಂದ ಶಂಷಾಬಾದಿಗೆ ಯಾರನ್ನಾದರೂ ವಿಮಾನ ಹತ್ತಿಸಿ ಬರುವಷ್ಟರಲ್ಲಿ ಮೂರೂ ಮುಗಿಯಬಹುದು. ಕಾರಿನಲ್ಲಿ ಹಿರಿಯರಿದ್ದರೆ ಹೋಗುವಾಗ ಬೇಡ, ಬರುವಾಗ ಹಾಕಿಕೊಳ್ಳಿ.

ಕೊನೆಗೆ ಕಿಡಿಗೇಡಿಗಳ ಆಕ್ಷೇಪ ಒಂದಿದೆ: ಲೈವ್ ಆಲ್ಬಂಗಳೇ ರಾಶಿ ಬಿದ್ದಿದ್ದರೆ? ಪರ್ಲ್ ಜ್ಯಾಮ್ ಬ್ಯಾಂಡು 2000ದ ತನ್ನ ಪ್ರವಾಸದ ಕಛೇರಿಗಳನ್ನು ಒಂದೊಂದಾಗಿ ಮುದ್ರಿಸಿ 72 ಆಲ್ಬಂಗಳಾಗಿ ಮಾರಿತು. ಗ್ರೇಟ್‌ಫುಲ್ ಡೆಡ್ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಕೊಟ್ಟಿತ್ತು, ಅವುಗಳಲ್ಲಿ ಬಹುಪಾಲನ್ನು ಯಾರಾದರೊಬ್ಬರು ಟೇಪಿಗೆ ಇಳಿಸಿಕೊಂಡಿದ್ದಾರೆ. ಎಲ್ಲಿಂದ ಶುರು ಮಾಡಲಿ ಎಂಬ ಪ್ರಶ್ನೆ ಹೊಸ ಅಂಗಿ ತೊಟ್ಟು ಮತ್ತೆ ಎದುರಿಗೇ ಬಂದು ನಿಂತಿತಲ್ಲ ಎಂದು ಅವರಿಗೆ ಖುಷಿ. ನಿಯಮಕ್ಕೆ ಒಂದು ಉಪನಿಯಮ ಸೇರಿಸಿದರೆ ಆಯಿತು: ಬ್ಯಾಂಡು ಲೈವ್ ಎಂದು ತಾನೇ ಮೊದಲು ಹೊರತಂದ ಪೂರ್ಣ ಪ್ರಮಾಣದ ಆಲ್ಬಂ ಯಾವುದೋ ಅದು. ಗ್ರೇಟ್‌ಫುಲ್ ಡೆಡ್‌ಗೆ 1969ರ ‘ಲೈವ್/ಡೆಡ್’, ಪರ್ಲ್ ಜ್ಯಾಮ್‌ಗೆ 1998ರ ‘ಲೈವ್ ಆನ್ ಟೂ ಲೆಗ್ಸ್’. ಉಳಿದ 72 ನಿವೃತ್ತಿಯ ನಂತರಕ್ಕೆ ಇರಲಿ, ಕಾರಂತರ ಪಕ್ಕದಲ್ಲೇ.