ತಲೆ ಬದಲಾಗುತ್ತೆ, ಪೇಟ ಅದೇ

(ಬೆಂಗಳೂರಿನ ಕಂಪನಿಗಳಲ್ಲಿ ರಾಜ್ಯೋತ್ಸವದ ಭಾಷಣಕಾರರ ತಲೆಯೇರುವ ಬಾಡಿಗೆ ಮೈಸೂರು ಪೇಟವೊಂದು, ರಟ್ಟಿನ ಡಬ್ಬಿಯೊಳಗಿಂದಲೇ ಮಾತಿಗೆ ಸಿಕ್ಕಿತು.)

ಪ್ರಶ್ನೆ: ಒಂದು ಕಂಪನಿಯವರು ಭಾಷಣಕ್ಕೆ ಕರೆದಿದ್ದಾರೆ. ಸಂಭಾವನೆ ಇಲ್ಲ, ಕನ್ನಡದ ಪ್ರೀತಿಗೆ ಬನ್ನಿ ಅಂದರು. ಒಪ್ಪಲೇ?

ಪೇಟ: ಒಪ್ಪಿ ಆದಮೇಲೇ ಎಲ್ಲರೂ ಹೀಗೆ ಕೇಳೋದು. ಪ್ರೀತಿಗೆ ಬರೋರು ನೀವೊಬ್ಬರೇ ಅನ್ನೋದು ತಿಳಿದಿರಲಿ. ಡೊಳ್ಳಿನವರಿಗೆ ದುಡ್ಡುಂಟು, ಹೂವಿನವನಿಗೆ ದುಡ್ಡುಂಟು, ನನಗೂ ದಿನದ ಬಾಡಿಗೆ ಉಂಟು.

ಪ್ರಶ್ನೆ: ನಲವತ್ತು ನಿಮಿಷ ಮಾತಾಡಿ ಅಂದಿದ್ದಾರೆ.

ಪೇಟ: ಅದು ಈಮೇಲಿನ ನಲವತ್ತು! ಹತ್ತೂವರೆ ಅಂದರೆ ಹನ್ನೊಂದೂಕಾಲಿಗೆ ದೀಪ. ಎಸಿ ಗಾಳಿಗೆ ಅದು ಹತ್ತೋದಿಲ್ಲ. ಫೋಟೋಗ್ರಾಫರ್ ‘ಇನ್ನೊಂದ್ಸಲ ಮೇಡಂ’ ಅನ್ನೋದು ಬಿಡೋದಿಲ್ಲ. ನಾಡಗೀತೆಗೆ 2022ರಲ್ಲಿ ಸರ್ಕಾರವೇ ಎರಡೂವರೆ ನಿಮಿಷ ಅಂತ ಗೊತ್ತುಮಾಡಿತು, ಅನಂತಸ್ವಾಮಿಯವರ ಧಾಟಿಯಲ್ಲಿ. ಹೇಳಿದ ಹೊತ್ತಿಗೆ ಮುಗಿಯೋದು ಅದೊಂದೇ. ಆಮೇಲೆ ವೈಸ್ ಪ್ರೆಸಿಡೆಂಟರ ‘ಎರಡೇ ಮಾತು’ ಇಪ್ಪತ್ತು ನಿಮಿಷ, ಇಂಗ್ಲಿಷಿನಲ್ಲಿ. ಕೊನೆಗೆ ಅವರು ‘ಎಲ್ಲಾರಿಗೂ ನಮಸ್ಕಾರಾ’ ಅಂತಾರಲ್ಲ, ಆ ದಿನದ ದೊಡ್ಡ ಚಪ್ಪಾಳೆ ಅದಕ್ಕೆ. ಇಳಕಲ್ ಸೀರೆಯ ಫ್ಯಾಷನ್ ಶೋ ಮುಗಿದು ನಿಮ್ಮ ಸರದಿ ಬರೋ ಹೊತ್ತಿಗೆ ಉಳಿದಿರೋದು ಒಂಬತ್ತು ನಿಮಿಷ, ಜೊತೆಗೆ ಕ್ಯಾಂಟೀನಿಂದ ಹೋಳಿಗೆ ವಾಸನೆ.

ಪ್ರಶ್ನೆ: ಸ್ಲೈಡು ಮಾಡಿಕೊಂಡಿದ್ದೆ...

ಪೇಟ: ಪೆನ್‌ಡ್ರೈವ್ ಗೇಟಿನಲ್ಲೇ ಇಟ್ಟುಕೊಳ್ತಾರೆ. ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸ್ತಾರೆ. ಮುಖ್ಯ ಅತಿಥಿ ಅಂದರೆ ‘ಯಾರನ್ನ ನೋಡ್ಬೇಕಿತ್ತು?’ ಅಂತ ಕೇಳ್ತಾರೆ.

ಪ್ರಶ್ನೆ: ಏನು ಮಾತಾಡಿದರೆ ಕೇಳ್ತಾರೆ?

ಪೇಟ: 1956ರ ಏಕೀಕರಣ, 1973ರ ನಾಮಕರಣ, ಎಂಟು ಜ್ಞಾನಪೀಠ: ಇದಂತೂ ಬೇಡಪ್ಪ. ನನಗೇ ಬಾಯಿಪಾಠ ಆಗಿದೆ. ಎಂಟು ಹೆಸರು ಹೇಳೋಕೆ ಹೊರಟು ಆರಕ್ಕೆ ಕೆಮ್ಮೋರೇ ಜಾಸ್ತಿ. ನಾನು ಮೇಲಿಂದ ‘ಗೋಕಾಕ್, ಗೋಕಾಕ್’ ಅಂತ ಪಿಸುಗುಟ್ತೀನಿ, ಯಾರಿಗೂ ಕೇಳಿಸೋದಿಲ್ಲ. ಮೈಸೂರಿನ ಮೇಡಂ ಒಬ್ಬರು ಇದ್ದರು ನೋಡಿ, ಚೀಟಿ ಮಡಚಿಟ್ಟು, ‘ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಕನ್ನಡದಲ್ಲಿ ಹೇಗೆ ಜಗಳ ಆಡೋದು’ ಅಂತ ಶುರುಮಾಡಿದರು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದಕ್ಕೆ ಏನನ್ನಬೇಕು, ಯಾವಾಗ ಏಕವಚನಕ್ಕೆ ಇಳಿಯಬೇಕು, ಎಲ್ಲ. ಲ್ಯಾಪ್‌ಟಾಪುಗಳು ಟಪಟಪ ಮುಚ್ಚಿದವು. ಕನ್ನಡ ಬಾರದ ಹುಡುಗರು ಅಂಗೈ ಮೇಲೆ ಬರೆದುಕೊಂಡರು. ಮೈಸೂರಿನ ಮಾತು ಇಷ್ಟು ಖಾರ ಇರಬಹುದು ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ಪ್ರಶ್ನೆ: ಮರುವರ್ಷ ಅವರನ್ನೇ ಕರೆದಿರಬೇಕು?

ಪೇಟ: ಎಲ್ಲಿ ಬಂತು! ಸಭಾಂಗಣ ಆ ಕಂಪನಿಗೆ ಬಾಡಿಗೆಗೆ ಕೊಟ್ಟವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಪ್ರಶ್ನೆ: ಪೇಟ ಮನೆಗೆ ಒಯ್ಯಬಹುದಾ?

ಪೇಟ: ಫೋಟೋ ಆಗೋತನಕ ಮಾತ್ರ. ಆಮೇಲೆ ಹುಡುಗನೊಬ್ಬ ‘ಸರ್, ಒಂದ್ನಿಮಿಷ’ ಅಂತ ಹಿಂದಿನಿಂದ ಎತ್ಕೊಳ್ತಾನೆ. ನಿಮಗೆ ಉಳಿಯೋದು ಶಾಲು, ಗಾಜಿನ ಫಲಕ. ಅದರಲ್ಲಿ ನಿಮ್ಮ ಇನಿಶಿಯಲ್ ತಪ್ಪಿರುತ್ತೆ. ಅಂದಹಾಗೆ ನಿಮ್ಮ ಕಾರ್ಯಕ್ರಮ ಯಾವತ್ತು?

ಪ್ರಶ್ನೆ: ಜನವರಿ 13.

ಪೇಟ: ಹಾಲ್ ಸಿಕ್ಕಿರೋದಿಲ್ಲ. ಬನ್ನಿ, ಎಳ್ಳುಬೆಲ್ಲವೂ ಸಿಗುತ್ತೆ.