ನೋಡಿದ್ದೀರಾ ರಾಯರು

ಚೆನ್ನಾಗಿ ಓಡಿದ ಸಿನಿಮಾದ ಹೆಸರನ್ನು ಅವರ ಮುಂದೆ ಎತ್ತಬಾರದು. ಎತ್ತಿದಿರೋ, ಮುಖದ ಮೇಲೆ ಒಂದು ನಮೂನೆಯ ಕರುಣೆ ಮೂಡುತ್ತದೆ. “ಇರಲಿ ಬಿಡಿ, ಅದನ್ನ ಜನ ನೋಡಿಯಾಗಿದೆ” ಎನ್ನುತ್ತಾರೆ. ಜನ ನೋಡಿದ ಮೇಲೆ ಆ ಚಿತ್ರದ ಬಗ್ಗೆ ಆಡಲು ಮಾತೇನು ಉಳಿಯಿತು ಎಂಬ ಧಾಟಿ. ಆಮೇಲೆ ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆಳೆದು, ದನಿ ತಗ್ಗಿಸಿ ಕೇಳುತ್ತಾರೆ: “‘ನಾಂದಿ’ ನೋಡಿದ್ದೀರಾ?”

ಈ ಪ್ರಶ್ನೆಯಿಂದಲೇ ಅವರಿಗೆ ಬಡಾವಣೆಯಲ್ಲಿ ‘ನೋಡಿದ್ದೀರಾ ರಾಯರು’ ಎಂಬ ಹೆಸರು ಬಿದ್ದದ್ದು. ಬ್ಯಾಂಕಿನಿಂದ ನಿವೃತ್ತರಾದವರು. ಬಸವನಗುಡಿಯ ಕಡೆ ಇಂಥವರು ಹೆಚ್ಚು ಸಿಗುತ್ತಾರೆಂದು ಪ್ರತೀತಿ ಇದೆಯಾದರೂ ಮೈಸೂರಿನ ಸರಸ್ವತೀಪುರಂನಲ್ಲೂ ಧಾರವಾಡದ ಮಾಳಮಡ್ಡಿಯಲ್ಲೂ ಕೊರತೆಯೇನಿಲ್ಲ. ಕೈಯಲ್ಲಿ ಬಟ್ಟೆಚೀಲ, ಚೀಲದಲ್ಲಿ ಯಾವುದೋ ಹಳೆಯ ಚಿತ್ರೋತ್ಸವದ ಪುಸ್ತಿಕೆ, ಕೊರಳಿಗೆ ಹಾಕಿಕೊಳ್ಳುವ ಉತ್ಸವದ ಪಾಸನ್ನು ಮನೆಯ ಮೊಳೆಗೆ ವರ್ಷವಿಡೀ ನೇತುಹಾಕಿರುತ್ತಾರೆ.

ಅವರ ಪ್ರಶ್ನೆಗೆ ಸರಿಯುತ್ತರ “ಇಲ್ಲ”. ಹೊಸಬರಿಗೆ ಇದು ತಿಳಿಯದು. “ಹೂಂ, ನೋಡಿದ್ದೀನಿ” ಎಂದು ಹುರುಪಿನಿಂದ ಹೇಳಿ ಸಿಕ್ಕಿಬೀಳುತ್ತಾರೆ. ಆಗ ಪಾಟೀಸವಾಲು ಶುರು. ಎಲ್ಲಿ ನೋಡಿದಿರಿ? ಯೂಟ್ಯೂಬಿನಲ್ಲಿ ಎಂದರೆ ಅದು ನೋಡಿದ ಲೆಕ್ಕಕ್ಕೇ ಬಾರದು. ದೂರದರ್ಶನದಲ್ಲಿ ಎಂದರೆ ಅರ್ಧ ಅಂಕ. ಫಿಲ್ಮ್ ಸೊಸೈಟಿಯಲ್ಲಿ, ಮಡಚುವ ಕುರ್ಚಿಯ ಮೇಲೆ ಕೂತು, ನಡುವೆ ರೀಲು ಕಿತ್ತುಹೋಗಿ ಕತ್ತಲಲ್ಲಿ ಕಾದು ನೋಡಿದ್ದರೆ ಮಾತ್ರ ಪೂರ್ತಿ ಅಂಕ. ಹಾಗೆ ನೋಡಿದವನು ಸಿಕ್ಕರೆ ರಾಯರಿಗೆ ಖುಷಿಯಾಗಬೇಕಲ್ಲ? ಆಗುವುದಿಲ್ಲ. ತಕ್ಷಣ ಚಿತ್ರ ಬದಲಾಯಿಸುತ್ತಾರೆ.

‘ನಾಂದಿ’ಯ ವಿಷಯದಲ್ಲಿ ಅವರು ಹೇಳುವುದು ಸುಳ್ಳಲ್ಲ ಎಂಬುದೇ ತೊಂದರೆ. 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ಮಾಡಿದ ಚಿತ್ರ ಅದು. ರಾಜ್‌ಕುಮಾರ್ ಅದರಲ್ಲಿ ಒಬ್ಬ ಬಡ ಮೇಷ್ಟ್ರು. ಕತ್ತಿ ಹಿರಿಯುವುದಿಲ್ಲ, ಕುದುರೆ ಹತ್ತುವುದಿಲ್ಲ, ದೇವರು ಪ್ರತ್ಯಕ್ಷವಾಗುವುದಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳನ್ನು ಮದುವೆಯಾಗಿ ಸಂಸಾರ ಮಾಡುತ್ತಾನೆ. ಆ ಹೆಣ್ಣಾಗಿ ಹರಿಣಿ. ರಾಜ್ ಚಿತ್ರಗಳ ಹೆಸರನ್ನು ಒಂದೇ ಉಸಿರಿಗೆ ಹೇಳುವ ಅಭಿಮಾನಿಗಳ ಬಾಯಲ್ಲೂ ಇದು ಸುಲಭಕ್ಕೆ ಬರುವುದಿಲ್ಲ. ಬರಬೇಕು. ರಾಯರು ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಅರ್ಧ ಬಡಾವಣೆ ಆ ಚಿತ್ರ ನೋಡಿರುತ್ತಿತ್ತು. ಆದರೆ ಅವರು ಬೆಳಕಿನ ವಿನ್ಯಾಸಕ್ಕೆ ಬರುತ್ತಾರೆ, ಅಲ್ಲಿಂದ ಮೌನದ ಮೀಮಾಂಸೆಗೆ, ಅಲ್ಲಿಂದ ಗಾಂಧಿನಗರದ ಅಧಃಪತನಕ್ಕೆ. ಕೇಳುವವರು ಹೊರಡುತ್ತಾರೆ.

ಶಿಫಾರಸಿನಲ್ಲಿ ಅವರದು ವಿಚಿತ್ರ ಪ್ರತಿಭೆ. ಒಮ್ಮೆ ಅವರ ಮನೆಯವರೇ, ಸಂಜೆ ಧಾರಾವಾಹಿಗಳ ನಡುವೆ ಬಿಡುವು ಮಾಡಿಕೊಂಡು, “ಅಲ್ಲಾ ಅಂದ್ರೆ, ಆ ನಿಮ್ಮ ಪಿಕ್ಚರಲ್ಲಿ ಏನಾಗುತ್ತೆ?” ಎಂದು ಕೇಳಿದರು.

“ಏನೂ ಆಗಲ್ಲ ಕಣೇ! ಅದೇ ಅದರ ಹೆಚ್ಚುಗಾರಿಕೆ.”

“ಏನೂ ಆಗದೇ ಇರೋದನ್ನ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮನೇಲೇ ಮೂವತ್ತು ವರ್ಷದಿಂದ ನೋಡ್ತಾ ಇದೀನಲ್ಲ” ಎಂದು ಆಕೆ ರಿಮೋಟು ಎತ್ತಿಕೊಂಡರು.

ರಾಯರ ನಿಜವಾದ ಕಣ ಭಾನುವಾರ ಬೆಳಗಿನ ದರ್ಶಿನಿ. ಅಲ್ಲಿ ಅವರಿಗೆ ಇಬ್ಬರು ಕಾಯಂ ಎದುರಾಳಿಗಳು. ಒಬ್ಬ ಜೆರಾಕ್ಸ್ ಅಂಗಡಿಯವನು, ಶಂಕರ್‌ನಾಗ್ ಭಕ್ತ. ಅಂಗಡಿಯಲ್ಲಿ ದೇವರ ಪಟದ ಪಕ್ಕದಲ್ಲೇ ಶಂಕರಣ್ಣನ ಪಟ. ಇನ್ನೊಬ್ಬ ಸಾಫ್ಟ್‌ವೇರ್ ಹುಡುಗ. ಮಾತೆತ್ತಿದರೆ ಕೊರಿಯಾದ ಬೂಸಾನ್ ಚಿತ್ರೋತ್ಸವ ಎನ್ನುತ್ತಾನಾದ್ದರಿಂದ ಅವನನ್ನು ಬೂಸಾನ್ ಎಂದೇ ಕರೆಯುತ್ತಾರೆ. ಬೈಟೂ ಕಾಫಿಯನ್ನು ಮೂವರು ಹಂಚಿಕೊಂಡು, ನಿಂತೇ ವಾದಿಸುತ್ತಾರೆ. ವಿಷಯ ಒಂದೇ: ಕನ್ನಡಿಗರು ಕಡೆಗಣಿಸಿದ, ಇನ್ನಷ್ಟು ಜನ ನೋಡಲೇಬೇಕಾದ ಚಿತ್ರ ಯಾವುದು?

ಶಂಕರ್‌ನಾಗ್ ಭಕ್ತನದು ‘ಆಕ್ಸಿಡೆಂಟ್’. 1985ರ ಚಿತ್ರ; ಕುಡಿದು ಕಾರು ಓಡಿಸಿದ ರಾಜಕಾರಣಿಯ ಮಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸಿಬಿಡುವುದು, ಅದನ್ನು ಮುಚ್ಚಿಹಾಕಲು ಅಪ್ಪ ಹೊರಡುವುದು. ಇವತ್ತಿನ ಪೇಪರಿನಲ್ಲಿ ಬಂದಿದ್ದರೂ ಯಾರೂ ಹಳೇ ಸುದ್ದಿ ಎನ್ನಲಾರರು.

“ಶಂಕರ್‌ನಾಗ್ ಕಡೆಗಣನೆಗೆ ಒಳಗಾದವರೇನಯ್ಯಾ?” ಎಂದು ರಾಯರು ನಕ್ಕರು. “ಬೆಂಗಳೂರಲ್ಲಿ ಎರಡು ಆಟೋಗೆ ಒಂದು ಆಟೋ ಮೇಲೆ ಅವರ ಫೋಟೋ ಇದೆ.”

“ಅದು ‘ಆಟೋರಾಜ’ದ ಶಂಕರಣ್ಣ ಸ್ವಾಮಿ. ‘ಆಕ್ಸಿಡೆಂಟ್’ ಶಂಕರಣ್ಣನ ಫೋಟೋ ಯಾವ ಆಟೋ ಮೇಲಿದೆ ತೋರಿಸಿ, ಕಾಫಿ ದುಡ್ಡು ನಂದು.”

ರಾಯರಿಗೆ ಉತ್ತರ ಹೊಳೆಯಲಿಲ್ಲ. ಕಾಫಿ ದುಡ್ಡನ್ನು ಬೂಸಾನ್ ಕೊಟ್ಟ. ಅವನೇ ಯಾವಾಗಲೂ ಕೊಡುವುದು.

ಬೂಸಾನ್ ತರುವ ಹೆಸರುಗಳು ಬೇರೆ. ನಟೇಶ್ ಹೆಗಡೆಯವರ ‘ಪೆದ್ರೋ’, ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ?’. ರಾಯರು ಇವನ್ನು ಸಂಶಯದಿಂದ ನೋಡುತ್ತಾರೆ. ಕೊರಿಯಾದವರು ನೋಡಿ ಚಪ್ಪಾಳೆ ತಟ್ಟಿದ ಮೇಲೆ ಅದನ್ನು ಅಲಕ್ಷಿತ ಎನ್ನುವುದು ಹೇಗೆ? ಬೂಸಾನ್ ಬಿಡುವುದಿಲ್ಲ. “ಹಾಗಾದ್ರೆ ಸಾರ್, ನಿಮ್ಮ ‘ದ್ವೀಪ’ಕ್ಕೆ ಸ್ವರ್ಣಕಮಲ ಬಂದಿತ್ತಲ್ಲ? ದೇಶಕ್ಕೇ ಮೊದಲನೇದು ಅಂತ ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ತಗೊಂಡಿದ್ದು ಅಲಕ್ಷಿತ ಹೇಗಾಗುತ್ತೆ?”

“ಅಯ್ಯೋ ಹುಚ್ಚಪ್ಪಾ! ಪ್ರಶಸ್ತಿ ಬಂತು ಅಂದ್ರೇನೇ ಜನ ಬರಲಿಲ್ಲ ಅಂತ ಅರ್ಥ.”

ತಮಾಷೆಯೆನಿಸಿದರೂ ಈ ಮಾತಿನಲ್ಲಿ ನೋವಿದೆ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಕನ್ನಡಕ್ಕೆ ಆರು ಸಲ ಬಂದಿದೆ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರೊಬ್ಬರದೇ. ಈ ಆರನ್ನೂ ನೋಡಿದ ಕನ್ನಡಿಗರನ್ನು ಒಂದು ಕಲ್ಯಾಣಮಂಟಪಕ್ಕೆ ಕರೆದರೆ ಎರಡನೆಯ ಪಂಕ್ತಿ ಬೇಕಾಗುವುದೋ ಇಲ್ಲವೋ. ‘ದ್ವೀಪ’ವನ್ನಂತೂ ನೋಡಲು ಹೆದರುವ ಕಾರಣವೇ ಇಲ್ಲ. ಸೌಂದರ್ಯ ತಮ್ಮ ಹಣ ಹಾಕಿ ನಿರ್ಮಿಸಿ, ಮುಳುಗಡೆಯ ನೀರು ಏರುತ್ತಿರುವ ಮನೆಯ ಹೆಣ್ಣುಮಗಳಾಗಿ ನಟಿಸಿದ ಚಿತ್ರ; ನಾ. ಡಿಸೋಜರ ಕತೆ. ಮಳೆಯನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗಂತೂ ನೆನಪಾಗುವುದಿಲ್ಲ. ಆದರೆ ‘ಅವಾರ್ಡ್ ಪಿಕ್ಚರ್’ ಎಂಬ ಹಣೆಪಟ್ಟಿ ಬಿದ್ದರೆ ಮುಗಿಯಿತು. ಅದನ್ನು ಕಂಡರೆ ಜನ ಕಷಾಯ ಕಂಡ ಮಕ್ಕಳಾಗುತ್ತಾರೆ. ಆ ಹಣೆಪಟ್ಟಿ ಅಂಟಿಸುವುದರಲ್ಲಿ ರಾಯರಂಥವರ ಪಾತ್ರ ಚಿಕ್ಕದೇನಲ್ಲ.

ಅವರ ಜೀವನದಲ್ಲಿ ದೊಡ್ಡ ಆಘಾತಗಳು ಎರಡು. ಮೊದಲನೆಯದು ‘ತಿಥಿ’. 2015ರಲ್ಲಿ ಲೊಕಾರ್ನೊದಲ್ಲಿ ಅದಕ್ಕೆ ಬಹುಮಾನ ಬಂದಾಗ ಬಡಾವಣೆಗೆ ಸುದ್ದಿ ಮುಟ್ಟಿಸಿದವರೇ ರಾಯರು. ಮಂಡ್ಯ ಸೀಮೆಯ ಹಳ್ಳಿಯವರು, ಒಂದು ದಿನವೂ ಬಣ್ಣ ಹಚ್ಚದವರು, ಹೇಗೆ ನಟಿಸಿದ್ದಾರೆ ಗೊತ್ತೇ ಎಂದು ತಿಂಗಳುಗಟ್ಟಲೆ ಕೊರೆದರು. ಮರುವರ್ಷ ಚಿತ್ರ ಬಿಡುಗಡೆಯಾಯಿತು. ಅವರ ದುರದೃಷ್ಟ, ಜನ ನೋಡಿದರು. ನೋಡಿ ನಕ್ಕರು. ಗಡ್ಡಪ್ಪ ಮನೆಮಾತಾದರು. ಒಂದು ಬೆಳಿಗ್ಗೆ ಹಾಲಿನವನೇ, “ರಾಯರೇ, ಆ ಗಡ್ಡಪ್ಪನ ಪಿಕ್ಚರ್ ಭಾರಿ ಚೆನ್ನಾಗಯ್ತೆ, ನೋಡಿದ್ದೀರಾ?” ಎಂದುಬಿಟ್ಟ. ತಮ್ಮ ಬಾಣ ತಮಗೇ ತಗುಲಿದ ರಾಯರು ಅಂದಿನಿಂದ ‘ತಿಥಿ’ಯ ಹೆಸರೆತ್ತಿಲ್ಲ. ಕೇಳಿದರೆ, “ದ್ವಿತೀಯಾರ್ಧ ಸ್ವಲ್ಪ ಎಳೆದಿದ್ದಾರೆ” ಎನ್ನುತ್ತಾರೆ.

ಎರಡನೆಯದು ಇದಕ್ಕಿಂತ ಘೋರ. ‘ಘಟಶ್ರಾದ್ಧ’ ಅವರ ಪಾಲಿಗೆ ಅಡವಿಟ್ಟ ಒಡವೆ. 1977ರ ಕಪ್ಪುಬಿಳುಪು ಚಿತ್ರ. ಪ್ರತಿ ಹಾಳಾಗುತ್ತಿದೆ, ಯಾರೂ ಕೇಳುವವರಿಲ್ಲ, ನಾಡೇ ಕೃತಘ್ನ ಎಂದು ಅವರು ಕಂಠ ಗದ್ಗದವಾಗಿಸಿಕೊಳ್ಳುತ್ತಿದ್ದ ಪರಿಗೆ ದರ್ಶಿನಿಯ ಕ್ಯಾಷಿಯರ್ ಕೂಡ ತಲೆತಗ್ಗಿಸುತ್ತಿದ್ದ. 2024ರಲ್ಲಿ ಏನಾಯಿತೆಂದರೆ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್‌ನವರೂ ಅಮೆರಿಕದಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆಯವರೂ ಕೂಡಿ ಚಿತ್ರವನ್ನು ಚೊಕ್ಕವಾಗಿ ದುರಸ್ತಿ ಮಾಡಿಸಿ, ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿಯೇ ಬಿಟ್ಟರು. ‘ಸ್ಟಾರ್ ವಾರ್ಸ್’ನ ಜಾರ್ಜ್ ಲ್ಯೂಕಸ್ ಕುಟುಂಬದ ಪ್ರತಿಷ್ಠಾನದ ದುಡ್ಡೂ ಅದರಲ್ಲಿತ್ತು. ಬೂಸಾನ್ ಸುದ್ದಿ ತಂದಾಗ ರಾಯರ ಮುಖ ನೋಡಬೇಕಿತ್ತು. ಮಗಳ ಮದುವೆ ಗೊತ್ತಾಗಲಿ ಎಂದು ಊರೂರು ತಿರುಗಿದ ತಂದೆ, ಗೊತ್ತಾದ ದಿನ ಅಳಿಯನಲ್ಲಿ ಕೊಂಕು ಹುಡುಕುವುದುಂಟು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದು ಸರಿಯಪ್ಪಾ. ಕಾಸರವಳ್ಳಿಯವರದೇ ‘ಮೂರು ದಾರಿಗಳು’ ನೋಡಿದ್ದೀಯಾ?”

ಆಮೇಲಾಮೇಲೆ ಅವರು ಸುರಕ್ಷಿತ ತಾಣವೊಂದನ್ನು ಕಂಡುಕೊಂಡರು. ಈಗ ಅವರ ಪಟ್ಟಿಯಲ್ಲಿ ಮೊದಲನೆಯದು ‘ಸತಿ ಸುಲೋಚನ’. ಕನ್ನಡದ ಮೊದಲ ವಾಕ್ಚಿತ್ರ, ವೈ.ವಿ. ರಾವ್ ನಿರ್ದೇಶನ, ಚಿತ್ರೀಕರಣ ಕೊಲ್ಹಾಪುರದಲ್ಲಿ, ತೆರೆಕಂಡದ್ದು 1934ರ ಮಾರ್ಚ್ 3ರಂದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ. ಆ ರಾವಣನ ಗತ್ತು, ಆ ಸುಲೋಚನೆಯ ಶೋಕ ಎಂದು ರಾಯರು ಕಣ್ಣುಮುಚ್ಚಿ ವರ್ಣಿಸುತ್ತಾರೆ. ಆಗ ಅವರು ಹುಟ್ಟಿರಲಿಲ್ಲ. ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಯಾರೂ ನೋಡಿಲ್ಲ, ಇನ್ನು ನೋಡುವಂತೆಯೂ ಇಲ್ಲ. ವೆನಿಸ್‌ನವರು ಕೈಹಾಕುವ ಭಯವಿಲ್ಲ, ಹಾಲಿನವನು ಮೆಚ್ಚುವ ಅಪಾಯವಿಲ್ಲ.

“ಇರದೇ ಇರೋ ಪಿಕ್ಚರನ್ನ ಜನ ನೋಡಬೇಕು ಅಂದ್ರೆ ಹೇಗೆ ಸಾರ್?” ಎಂದ ಬೂಸಾನ್.

“ಅದೇ ಕಣಯ್ಯಾ ದುರಂತ” ಎಂದು ರಾಯರು ತೃಪ್ತಿಯಿಂದ ಕಾಫಿ ಹೀರಿದರು.

ಇಷ್ಟು ನಕ್ಕ ಮೇಲೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಇಂಥ ಚಿತ್ರಗಳ ಹೆಸರುಗಳಾದರೂ ನಮ್ಮ ಕಿವಿಗೆ ಬಿದ್ದಿರುವುದು ರಾಯರಂಥ ಕೊರೆತದವರಿಂದಲೇ. ಪ್ರತಿಗಳನ್ನು ಕಾಪಾಡದ ಊರಿನಲ್ಲಿ ಅವರ ಬಾಯಿಯೇ ಒಂದು ಭಂಡಾರ. ನನ್ನ ತಕರಾರು ಬೇರೆ. 2024ರಲ್ಲಿ ‘ಶಿವಮ್ಮ’ ಚಿತ್ರಮಂದಿರಕ್ಕೆ ಬಂತು. ಬೂಸಾನ್‌ನಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದ ಚಿತ್ರ; ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಡ ಹೆಂಗಸೊಬ್ಬಳು ಶಕ್ತಿವರ್ಧಕ ಪುಡಿ ಮಾರುವ ಚೈನ್ ವ್ಯಾಪಾರಕ್ಕೆ ಬಿದ್ದ ಕತೆ. ನಮ್ಮ ಬೂಸಾನ್ ಟಿಕೆಟ್ಟು ತೆಗೆದಿಟ್ಟು ರಾಯರನ್ನು ಕರೆದ.

“ಈಗಲೇ ಏನವಸರ? ಯಾರೂ ನೋಡದೇ ಎತ್ತಿಬಿಟ್ಟರೆ ಆಮೇಲೆ ನೋಡೋಣ” ಎಂದರು ರಾಯರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ದೊಡ್ಡ ಹೆಸರಿಲ್ಲದ ಕನ್ನಡ ಚಿತ್ರವೊಂದು ನಿಮ್ಮೂರಿನಲ್ಲಿ ದಿನಕ್ಕೆ ಒಂದೇ ಆಟ, ಅದೂ ಹೊತ್ತಲ್ಲದ ಹೊತ್ತಿನಲ್ಲಿ ನಡೆಯುತ್ತಿದ್ದರೆ ಶುಕ್ರವಾರವೇ ಹೋಗಿ. ಸೋಮವಾರಕ್ಕೆ ಅದು ಇರುವ ಖಾತರಿಯಿಲ್ಲ. ಚೆನ್ನಾಗಿದ್ದರೆ ಪಕ್ಕದ ಮನೆಯವರಿಗೆ ಹೇಳಿ, ಆಫೀಸಿನಲ್ಲಿ ಹೇಳಿ, ಹಾಲಿನವನಿಗೂ ಹೇಳಿ. ರಾಯರಿಗೆ ಮಾತ್ರ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.